‘ನಾನು ಇಲ್ಲದಿದ್ದರೆ ನಿಮಗೆಲ್ಲ ಆರಾಮ’ ಎಂದ ಹುಡುಗ

ಪ್ರಶ್ನೆ: ತಂಗಿ ಮತ್ತು ಅವಳ ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಅವರ 13 ವರ್ಷದ ಮಗ ನಮ್ಮ ಮನೆಯಲ್ಲಿದ್ದು ಓದುತ್ತಿದ್ದಾನೆ. ಮೊನ್ನೆ ಊಟದ ತಟ್ಟೆ ಸರಿಸಿ, ‘ನಾನು ಇಲ್ಲದಿದ್ದರೆ ನಿಮಗೆಲ್ಲ ಆರಾಮ, ದೊಡ್ಡಮ್ಮ’ ಎಂದ. ಮಕ್ಕಳ ಆತ್ಮಹತ್ಯೆ ನಿಜಕ್ಕೂ ಹೆಚ್ಚಾಗಿದೆಯೇ? ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದೇ?
– ಸಿಂಧನೂರು ತಾಲ್ಲೂಕಿನ ಓದುಗರು

ಉತ್ತರ: ಅಮ್ಮಾ, ಇವತ್ತೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೆ ಇದ್ದರೆ ಹೊರಬರಲು ದಾರಿಯಾಗುತ್ತದೆ. ‘ಸಾಯಬೇಕು ಎನ್ನಿಸುತ್ತದೆಯೇ, ಕಂದಾ?’ ಎಂದು ನೇರವಾಗಿಯೇ ಕೇಳಿ, ಅವನು ಬಾಯಿ ಬಿಡುವವರೆಗೆ ಸುಮ್ಮನೆ ಪಕ್ಕದಲ್ಲಿ ಕುಳಿತಿರಿ. ‘ಅಪ್ಪ ಅಮ್ಮ ನಿನಗಾಗಿಯೇ ಅಲ್ಲಿ ಇಟ್ಟಿಗೆ ಹೊರುತ್ತಿದ್ದಾರೆ’ ಎಂದು ಮಾತ್ರ ಹೇಳಬೇಡಿ. ತಾನು ಎಲ್ಲರಿಗೂ ಹೊರೆ ಎಂಬ ಅವನ ನಂಬಿಕೆಗೆ ಆ ಮಾತೇ ಸಾಕ್ಷಿಯಾಗುತ್ತದೆ.

ಹೆಚ್ಚಾಗಿರುವುದು ನಿಜ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ, 18 ವರ್ಷದೊಳಗಿನ ಇಂಥ ಸಾವು ದೇಶದಲ್ಲಿ 2018ರಲ್ಲಿ 9,413 ಇತ್ತು. ಶಾಲೆಗಳು ಮುಚ್ಚಿದ್ದ 2020ರಲ್ಲಿ 11,396ಕ್ಕೆ ಏರಿತು. 2022ರಲ್ಲೂ ಹತ್ತು ಸಾವಿರದ ಕೆಳಗೆ ಇಳಿಯಲಿಲ್ಲ. ಚಿಕ್ಕ ಮಕ್ಕಳಲ್ಲಿ ಇದು ಅಪರೂಪ. ಹರೆಯಕ್ಕೆ ಕಾಲಿಡುವಾಗ ಏರತೊಡಗುತ್ತದೆ. ಫಲಿತಾಂಶದ ದಿನಗಳಲ್ಲಿ ನಾವೆಲ್ಲ ಪರೀಕ್ಷೆಯತ್ತ ಬೊಟ್ಟು ಮಾಡುತ್ತೇವೆ. ಆದರೆ 2020ರ ಪಟ್ಟಿಯಲ್ಲಿ ಮೊದಲು ಇದ್ದದ್ದು ಕೌಟುಂಬಿಕ ಸಮಸ್ಯೆ. ದಾಖಲೆಗೆ ಒಂದು ಕಾರಣ ಸಾಕು, ಮಗುವಿನ ಎದೆಯಲ್ಲಿ ಹತ್ತು ಸೇರಿಕೊಂಡಿರುತ್ತವೆ.

ಇನ್ನೊಂದು ಕೆಲಸವನ್ನು ನಾಳೆಗೆ ಬಿಡಬೇಡಿ. ಭತ್ತಕ್ಕೆ, ಹತ್ತಿಗೆ ಹೊಡೆಯುವ ಔಷಧಿ ನಮ್ಮ ಭಾಗದ ಮನೆಗಳಲ್ಲಿ ಕಾಳಿನ ಚೀಲದ ಮಗ್ಗುಲಲ್ಲೇ ಇರುತ್ತದೆ. ಅದನ್ನು ಮನೆಯಿಂದ ಹೊರಗೆ ಸಾಗಿಸಿ, ಬೀಗ ಹಾಕಿಸಿ; ಬೀಗದ ಕೈ ನಿಮ್ಮ ಸೆರಗಿನಲ್ಲೇ ಇರಲಿ. ಸಾಯಬೇಕೆಂಬ ಆವೇಗ ಅನೇಕ ಸಲ ಸ್ವಲ್ಪ ಹೊತ್ತಿನದು, ಆ ಹೊತ್ತು ದಾಟಿಸಿದರೆ ಜೀವ ಉಳಿಯುತ್ತದೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ 1995ರಲ್ಲಿ ಇದ್ದುದರ ಅರ್ಧಕ್ಕಿಂತಲೂ ಕೆಳಗೆ ಬಂತು.

‘ಹೌದು’ ಎಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ಒಬ್ಬನನ್ನೇ ಬಿಡಬೇಡಿ. ಹೇಗೆ, ಯಾವಾಗ ಎಂದೂ ಯೋಚಿಸಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ. ರಾಯಚೂರಿನ ರಿಮ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಅವನು ‘ಇಲ್ಲ’ ಎಂದರೂ ತಂಗಿಗೆ ವಿಷಯ ತಿಳಿಸಿ. ಕೆಲವು ದಿನಕ್ಕಾದರೂ ಬಂದು ಮಗನ ಜೊತೆ ಇರಲಿ. ಬಸ್ಸಿನಿಂದ ಇಳಿದ ಕೂಡಲೇ ಅಂಕಗಳ ಬಗ್ಗೆ ಕೇಳುವುದು ಬೇಡ ಎಂದು ಮೊದಲೇ ಹೇಳಿಬಿಡಿ.