ರೋಬೋಟ್ ಆಪರೇಷನ್‌ಗೆ ಜಾಸ್ತಿ ದುಡ್ಡು ಕೊಡಬೇಕಾ?

ಹಾವೇರಿಯ ಓದುಗರೊಬ್ಬರ ಪತ್ರ: ‘ಅಮ್ಮನಿಗೆ ಹಯಾಟಸ್ ಹರ್ನಿಯಾ, ಅಂದರೆ ಜಠರದ ಭಾಗ ಎದೆಯೊಳಕ್ಕೆ ನುಗ್ಗಿದೆ. ಮಲಗಿದರೆ ಹುಳಿ ಗಂಟಲಿಗೆ ಬರುತ್ತದೆ. ಮಾತ್ರೆಗೆ ಬಗ್ಗಲಿಲ್ಲ, ಆಪರೇಷನ್ ಆಗಬೇಕಂತೆ. ಸಣ್ಣ ತೂತುಗಳಿಂದ, ಉಪಕರಣ ಕೈಯಲ್ಲೇ ಹಿಡಿದು ಮಾಡುವ ಲ್ಯಾಪ್ರೋಸ್ಕೋಪಿಗೆ ಒಂದು ರೇಟು, ರೋಬೋಟ್‌ಗೆ ಅದಕ್ಕಿಂತ ಜಾಸ್ತಿ. ಮೆಷಿನ್ ಕೈಗೆ ಅಮ್ಮನನ್ನು ಒಪ್ಪಿಸಲು ಭಯ. ಬೇಡ ಅಂದರೆ ದುಡ್ಡಿನ ಮುಖ ನೋಡಿದೆವು ಅಂತ ಆಗುತ್ತದೆ. ಏನು ಮಾಡೋಣ?’

ಸಂಪಾದಕರ ಉತ್ತರ: ಮೊದಲು ಭಯದ ಮಾತು. ಆ ಯಂತ್ರ ತಾನಾಗಿ ಏನನ್ನೂ ಕೊಯ್ಯುವುದಿಲ್ಲ. ಸರ್ಜನ್ ಪಕ್ಕದ ಕನ್ಸೋಲ್‌ನಲ್ಲಿ ಕೂತು ಕೈ ಆಡಿಸುತ್ತಾರೆ. ಒಳಗಿನ ಉಪಕರಣ ಹಾಗೇ ಆಡುತ್ತದೆ. ಜಾಹೀರಾತಿನಲ್ಲಿ ಬಿಳಿ ಕೋಟು ಹಾಕಿಕೊಂಡು ನಿಂತಿರುತ್ತದಲ್ಲ, ಅಂಥ ರೋಬೋಟ್ ಯಾವ ಥಿಯೇಟರಿನಲ್ಲೂ ಇಲ್ಲ.

ಎರಡರಲ್ಲೂ ಮಾಡುವ ಕೆಲಸ ಒಂದೇ. ಎದೆ, ಹೊಟ್ಟೆ ನಡುವಿನ ಪರದೆಯಂಥ ಸ್ನಾಯು ವಪೆ; ಅದರ ತೂತಿನಿಂದ ಎದೆಯೊಳಕ್ಕೆ ನುಗ್ಗಿದ ಜಠರವನ್ನು ಕೆಳಗೆ ಎಳೆಯುತ್ತಾರೆ. ತೂತನ್ನು ಹೊಲಿದು ಚಿಕ್ಕದು ಮಾಡುತ್ತಾರೆ. ಜಠರದ ಮೇಲ್ತುದಿಯನ್ನು ಅನ್ನನಾಳದ ಬುಡಕ್ಕೆ ಮಫ್ಲರ್ ಥರ ಸುತ್ತುತ್ತಾರೆ. ಸರ್ಜನ್ ರುಡಾಲ್ಫ್ ನಿಸ್ಸೆನ್ 1950ರ ದಶಕದಲ್ಲೇ ತೋರಿಸಿಕೊಟ್ಟ ದಾರಿ ಇದು. ಇಕ್ಕಟ್ಟಿನ ಜಾಗ. ಮಣಿಕಟ್ಟಿನ ಹಾಗೆ ತಿರುಗುವ ಉಪಕರಣ, ಆಳ ಕಾಣಿಸುವ ತ್ರೀಡಿ ನೋಟ ಇದ್ದರೆ ಹೊಲಿಗೆ ಹಾಕುವವರಿಗೆ ಹಿತ, ನಿಜ. ಆದರೆ ಸರ್ಜನ್‌ಗೆ ಸಲೀಸಾದದ್ದೆಲ್ಲ ರೋಗಿಗೆ ಲಾಭ ಅಂತೇನಿಲ್ಲ. 2000ದ ದಶಕದಲ್ಲೇ ಯುರೋಪಿನಲ್ಲಿ, ಯಾರಿಗೆ ಯಾವ ಆಪರೇಷನ್ ಅಂತ ಚೀಟಿ ಎತ್ತಿದಂತೆ ಹಂಚಿ ಹೋಲಿಸಿ ನೋಡಿದರು. ಗುಣವಾದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರೋಬೋಟ್‌ನ ಖರ್ಚು ಮಾತ್ರ ಜಾಸ್ತಿಯಾಯಿತು. ಯಂತ್ರವೇ ದುಬಾರಿ. ಜತೆಗೆ ಅದರ ಉಪಕರಣಗಳನ್ನು ಇಂತಿಷ್ಟೇ ಸಲ ಬಳಸಿ ಬಿಸಾಡಬೇಕು. ಆ ಲೆಕ್ಕ ನಿಮ್ಮ ಬಿಲ್ಲಿಗೇ ಬರುತ್ತದೆ.

ರೋಬೋಟೇ ಮೇಲು ಅಂತ ಯಾರಾದರೂ ಅನ್ನನಾಳದ ಕ್ಯಾನ್ಸರ್ ಆಪರೇಷನ್ನಿನ ಅಂಕಿ ತೋರಿಸಿದರೆ ಹುಷಾರಾಗಿ ಓದಿ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಆಪರೇಷನ್ ನಂತರ ತೊಂದರೆ ಕಂಡವರು ರೋಬೋಟ್ ಗುಂಪಿನಲ್ಲಿ ಶೇ 59, ಇನ್ನೊಂದರಲ್ಲಿ ಶೇ 80. ಅಂತರ ದೊಡ್ಡದೇ. ಆದರೆ ಆ ಇನ್ನೊಂದು ಗುಂಪಿಗೆ ಮಾಡಿದ್ದು ಎದೆ, ಹೊಟ್ಟೆ ತೆರೆದು ಮಾಡುವ ದೊಡ್ಡ ಆಪರೇಷನ್. ಲ್ಯಾಪ್ರೋಸ್ಕೋಪಿ ಜತೆಗಿನ ಹೋಲಿಕೆ ಅದಲ್ಲ. ಕಾಯಿಲೆಯೂ ಬೇರೆ.

ಹಾಗಾಗಿ ಲ್ಯಾಪ್ರೋಸ್ಕೋಪಿ ಆರಿಸಿಕೊಂಡರೆ ಅಮ್ಮನಿಗೆ ಕಡಿಮೆ ಮಾಡಿದೆವು ಅಂತ ಸುಮ್ನೆ ಕೊರಗಬೇಡಿ. ಸರ್ಜನ್‌ರನ್ನು ನೇರವಾಗಿ ಕೇಳಿ: ಇದೇ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ, ಯಾವ ವಿಧಾನದಲ್ಲಿ ಜಾಸ್ತಿ? ಕೇಳಲು ಸಂಕೋಚ ಯಾಕೆ, ಅಲ್ವಾ? ಎಂಡೋಸ್ಕೋಪಿ ಜತೆಗೆ ಅನ್ನನಾಳದ ಒತ್ತಡ ಅಳೆಯುವ ಮ್ಯಾನೋಮೆಟ್ರಿ ಆಗಿದೆಯಾ ಅಂತಲೂ ವಿಚಾರಿಸಿ. ಅನ್ನನಾಳ ಊಟವನ್ನು ಸರಿಯಾಗಿ ತಳ್ಳದಿದ್ದರೆ, ಬಿಗಿಯಾಗಿ ಸುತ್ತಿದ ಮೇಲೆ ನುಂಗುವುದೇ ಕಷ್ಟವಾಗಬಹುದು. ಇನ್ನು, ಇನ್ಶೂರೆನ್ಸ್ ಇದ್ದರೆ ಪಾಲಿಸಿ ತೆಗೆದು ನೋಡಿ. ರೋಬೋಟ್ ಆಪರೇಷನ್‌ಗೆ ಇಷ್ಟೇ ಕೊಡುತ್ತೇವೆ ಅಂತ ಮಿತಿ ಹಾಕಿರುವ ಪಾಲಿಸಿಗಳಿವೆ.