ಲೋಗೊ ಹಿಗ್ಗಿತು, ಔಟ್‌ಲೈನ್ ಹಿಗ್ಗಲಿಲ್ಲ

ಪ್ರಶ್ನೆ: ಸಂಘದ ಲೋಗೊವನ್ನು ಕೋರೆಲ್ ಡ್ರಾ ಎಂಬ ವಿನ್ಯಾಸ ಸಾಫ್ಟ್‌ವೇರ್‌ನಲ್ಲಿ 5 ಸೆಂ.ಮೀ. ಅಗಲಕ್ಕೆ ಮಾಡಿದ್ದೇನೆ. ಅಕ್ಷರಗಳಿಗೆ 1 ಮಿ.ಮೀ. ಔಟ್‌ಲೈನ್ ಇದೆ. ಫ್ಲೆಕ್ಸ್‌ಗೆಂದು 1 ಮೀಟರ್‌ಗೆ ಹಿಗ್ಗಿಸಿದರೆ ಗೆರೆ ಕಾಣುವುದೇ ಇಲ್ಲ. ವಿಸಿಟಿಂಗ್ ಕಾರ್ಡ್‌ಗೆ 2 ಸೆಂ.ಮೀ. ಮಾಡಿದರೆ ಅಕ್ಷರಗಳು ಮೆತ್ತಿಕೊಳ್ಳುತ್ತವೆ. ಅಕ್ಷರಗಳನ್ನು ಕರ್ವ್ಸ್ (ಟೈಪ್ ಮಾಡಿದ ಅಕ್ಷರವನ್ನು ಬರೀ ಆಕೃತಿಯಾಗಿಸುವುದು) ಮಾಡಿಯಾಗಿದೆ. ತಪ್ಪೆಲ್ಲಿ?

ಉತ್ತರ: ಕಂಟ್ರೋಲ್+ಕ್ಯೂ ಒತ್ತಿದರೆ ಕರ್ವ್ಸ್ ಆಗುವುದು ಅಕ್ಷರ ಮಾತ್ರ, ಔಟ್‌ಲೈನ್ ಅಲ್ಲ. ಔಟ್‌ಲೈನ್ ಎಂದರೆ ಆಕೃತಿಯ ಅಂಚಿಗೆ ಕೊಟ್ಟ ದಪ್ಪದ ಅಳತೆ ಅಷ್ಟೇ. ಲೋಗೊ 20 ಪಟ್ಟು ಬೆಳೆದಾಗ ಗೆರೆ 20 ಮಿ.ಮೀ. ಆಗಬೇಕಿತ್ತು, ಒಂದರಲ್ಲೇ ನಿಂತಿದೆ. ಕುಗ್ಗಿಸಿದಾಗ 0.4ಕ್ಕೆ ಇಳಿಯಬೇಕಿತ್ತು, ಇಳಿದಿಲ್ಲ. ಕನ್ನಡದಲ್ಲಿ ಇದರ ಪೆಟ್ಟು ಜೋರು: ‘ಧ’ದ ಹೊಟ್ಟೆ ಸೀಳು ಮುಚ್ಚಿದರೆ ಅದು ‘ದ’ ಎಂದೇ ಓದಿಸಿಕೊಳ್ಳುತ್ತದೆ.

ಮೊದಲು ಕಂಟ್ರೋಲ್+ಝಡ್ ಒತ್ತಿ ಮೂಲ ಅಳತೆಗೆ ಬನ್ನಿ. ಮುಂದೆ ಹೇಳುವ ಟಿಕ್ಕನ್ನು ಹಿಗ್ಗಿಸಿದ ಮೇಲೆ ಹಾಕಿದರೆ ಹಳೆಯ ತಪ್ಪು ಸರಿಹೋಗದು. ಒಂದೇ ದಪ್ಪದ ಗೆರೆಗಳಿರುವುದನ್ನು ಸೆಲೆಕ್ಟ್ ಮಾಡಿ ಎಫ್12 ಒತ್ತಿ, ‘ಸ್ಕೇಲ್ ವಿತ್ ಆಬ್ಜೆಕ್ಟ್’ಗೆ ಟಿಕ್ ಹಾಕಿ. ಹಳೆಯ ಆವೃತ್ತಿಗಳಲ್ಲಿ ಇದೇ ‘ಸ್ಕೇಲ್ ವಿತ್ ಇಮೇಜ್’. ಆಮೇಲೆ ಮೂಲೆಯ ಹ್ಯಾಂಡಲ್ (ಸೆಲೆಕ್ಟ್ ಮಾಡಿದಾಗ ಸುತ್ತ ಕಾಣುವ ಪುಟ್ಟ ಚೌಕ) ಹಿಡಿದೇ ಎಳೆಯಿರಿ. ಪಕ್ಕದ್ದನ್ನು ಎಳೆದರೆ ಲೋಗೊ ಚಪ್ಪಟೆಯಾಗುತ್ತದೆ. ಅಲ್ಲೇ ಇರುವ ‘ಬಿಹೈಂಡ್ ಫಿಲ್’ಗೂ ಟಿಕ್ ಹಾಕಿ ಎಂಬುದು ನಮ್ಮ ಸಲಹೆ. ಗೆರೆಯ ಅರ್ಧ ಅಂಚಿನ ಒಳಗೆ, ಅರ್ಧ ಹೊರಗೆ ಬೀಳುತ್ತದೆ. ಒಳಗಿನ ಅರ್ಧ ಬಣ್ಣದ ಹಿಂದೆ ಸರಿದರೆ ಅಕ್ಷರದ ಮೈ ತೆಳ್ಳಗಾಗದು.

ಪ್ರೆಸ್‌ಗೆ ಕಳಿಸುವ ಫೈಲ್‌ನಲ್ಲಿ ಕಂಟ್ರೋಲ್+ಶಿಫ್ಟ್+ಕ್ಯೂ ಒತ್ತಿ ಔಟ್‌ಲೈನನ್ನೇ ಆಕೃತಿ ಮಾಡಿಬಿಡಿ. ಅದು ಅಕ್ಷರದಿಂದ ಬೇರೆಯಾಗುವುದರಿಂದ ಎರಡನ್ನೂ ಕಂಟ್ರೋಲ್+ಜಿಯಿಂದ ಗ್ರೂಪ್ ಮಾಡಿ. ಮುಂದೆ ದಪ್ಪ ಬದಲಿಸಲಾಗದು, ಮೂಲ ಫೈಲನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಚೌಕದ ಅಗಲ 50 ಮಿ.ಮೀ. ಎಂದು ಟೈಪ್ ಮಾಡಿದರೂ ಲೇಸರ್ ಕಟಿಂಗ್‌ನಲ್ಲಿ 46 ಬರುತ್ತಿದೆ. ಗೆರೆ 4 ಮಿ.ಮೀ. ದಪ್ಪ.

ಉತ್ತರ: ಇಂಕ್‌ಸ್ಕೇಪ್ ಮಾಮೂಲಾಗಿ ಗೆರೆಯನ್ನೂ ಸೇರಿಸಿ ಅಳೆಯುತ್ತದೆ, ಎರಡೂ ಕಡೆ 2 ಮಿ.ಮೀ. ಹೋಗಿ ಪಾತ್ (ಗೆರೆಯ ನಡುವೆ ಹಾಯುವ ಆಕೃತಿಯ ನಿಜವಾದ ಅಂಚು) 46 ಉಳಿಯಿತು. ಲೇಸರ್ ಕತ್ತರಿಸುವುದು ಪಾತ್ ಗುಂಟ. ಪ್ರಿಫರೆನ್ಸಸ್‌ನ ‘ಟೂಲ್ಸ್’ನಲ್ಲಿ ಗೆರೆ ಬಿಟ್ಟು ಪಾತನ್ನಷ್ಟೇ ಅಳೆಯುವ ‘ಜಿಯೊಮೆಟ್ರಿಕ್ ಬೌಂಡಿಂಗ್ ಬಾಕ್ಸ್’ ಆರಿಸಿ, ಅಳತೆಯನ್ನು ಮತ್ತೆ ಟೈಪ್ ಮಾಡಿ. ಅಗಲ–ಎತ್ತರಗಳ ನಡುವಿನ ಬೀಗ ಹಾಕಿರಲಿ. ಗೆರೆಯೂ ಅನುಪಾತದಲ್ಲಿ ಬದಲಾಗಬೇಕಿದ್ದರೆ ಸೆಲೆಕ್ಟ್ ಟೂಲ್‌ನ ಪಟ್ಟಿಯಲ್ಲಿ ಅದಕ್ಕೊಂದು ಬಟನ್ ಇದೆ. ಪಕ್ಕದ್ದು ದುಂಡು ಮೂಲೆಗಳಿಗೆ. ಲೇಸರ್ ಕೆಲಸಕ್ಕೆ ಗೆರೆಯ ಬಟನ್ ಬೇಕಿಲ್ಲ.