ಪದ ಜಿಜ್ಞಾಸೆ: ‘ನೆಮ್ಮದಿ’ಯ ಮೂಲ

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿ ಕನ್ನಡ ಶಿಕ್ಷಕಿ. ಮನೆಯಲ್ಲಿ ತೆಲುಗು ಮಾತನಾಡುವ ಮಕ್ಕಳು ‘ಬಸ್ಸು ನೆಮ್ಮದಿಯಾಗಿ ಹೋಯಿತು’ ಎಂದು ಬರೆಯುತ್ತಾರೆ. ಇದನ್ನು ತಿದ್ದಬೇಕೆ? ‘ನೆಮ್ಮದಿ’ಯು ಸಂಸ್ಕೃತದ ‘ನಿರ್ಮತಿ’ಯಿಂದ ಬಂದಿದೆ ಎಂಬ ಮಾತು ನಿಜವೆ?

ಉತ್ತರ: ‘ನಿರ್ಮತಿ’ಯ ವಾದವನ್ನು ಒಪ್ಪಲಾಗದು. ‘ನಿರ್’ ಎಂಬುದು ಇಲ್ಲದಿರುವುದನ್ನು ಸೂಚಿಸುವುದರಿಂದ, ಹಾಗೆ ಬಿಡಿಸಿದರೆ ‘ಬುದ್ಧಿಯಿಲ್ಲದ’ ಎಂಬ ಅರ್ಥ ಬರುತ್ತದೆಯೇ ಹೊರತು ಮನಸ್ಸಿನ ನೆಮ್ಮದಿಯಲ್ಲ. ತಮಿಳು ಲಿಪಿಯಲ್ಲಿ ತಕಾರ ದಕಾರಗಳಿಗೆ ಒಂದೇ ಅಕ್ಷರವಿರುವುದರಿಂದ, ಕೆಜಿಎಫ್‌ನ ತಮಿಳರು ‘ನಿಮ್ಮದಿ’ ಎಂದು ಉಚ್ಚರಿಸುವ ಇದೇ ಪದ ಬರಹದಲ್ಲಿ ‘ನಿಮ್ಮತಿ’ಯಂತೆ ಕಾಣುತ್ತದೆ, ‘ಮತಿ’ಯನ್ನು ಹುಡುಕುವವರಿಗೆ ಅದೂ ಇಂಬು ಕೊಟ್ಟಿರಬಹುದು.

ಇದು ದ್ರಾವಿಡ ಪದ. ಹಳಗನ್ನಡದ ‘ನೆಮ್ಮು’ ಎಂಬ ಕ್ರಿಯಾಪದಕ್ಕೆ ಒರಗು, ಆತುಕೊಳ್ಳು, ಆಶ್ರಯಿಸು ಎಂಬ ಅರ್ಥಗಳಿದ್ದು, ‘ನೆಮ್ಮದಿ’ಯನ್ನು ಅದರ ಬಳಗಕ್ಕೆ ಸೇರಿಸುವುದೇ ನನಗೆ ಸಮಂಜಸವೆನಿಸುತ್ತದೆ. ಸಂಸ್ಕೃತದ ‘ಶಾಂತಿ’ಯು ‘ಶಮ್’ ಧಾತುವಿನಿಂದ ಹುಟ್ಟಿ, ಕೆರಳಿದ್ದು ತಣಿಯುವುದನ್ನು ಹೇಳಿದರೆ, ‘ನೆಮ್ಮದಿ’ಯು ಮನಸ್ಸಿಗೆ ಒರಗಲು ಆಸರೆ ಸಿಕ್ಕ ಸ್ಥಿತಿಯನ್ನು ಹೇಳುತ್ತದೆ. ಎಷ್ಟು ಚೆಲುವಾದ ಭೇದ! ಸಾಲ ತೀರಿಸಿದ ರೈತ, ಮಗಳ ಮದುವೆ ಮುಗಿಸಿದ ತಾಯಿ ‘ಈಗ ನೆಮ್ಮದಿಯಾಯಿತು’ ಎನ್ನುತ್ತಾರೆ. ಅಲ್ಲಿ ‘ಶಾಂತಿಯಾಯಿತು’ ಎಂದರೆ ಮಾತು ಕೂಡಿಬರುವುದಿಲ್ಲ. ಎರಡು ದೇಶಗಳ ನಡುವೆ ಯುದ್ಧ ನಿಂತಾಗ ನೆಲೆಸುವುದಾದರೋ ಶಾಂತಿಯೇ.

ನಿಮ್ಮ ಮಕ್ಕಳ ವಾಕ್ಯದ ಹಿಂದಿರುವುದು ತೆಲುಗಿನ ‘ನೆಮ್ಮದಿಗಾ’, ಅಂದರೆ ನಿಧಾನವಾಗಿ. ಆದರೆ ತೆಲುಗಿನಲ್ಲಿಯೂ ಆ ಪದ ವೇಗವನ್ನಷ್ಟೇ ಹೇಳುವುದಿಲ್ಲ. ಕಾಯಿಲೆ ಇಳಿದು ಮೈ ಹಗುರಾದುದನ್ನೂ ‘ನೆಮ್ಮದಿಗಾ ಉಂದಿ’ ಎನ್ನುವುದುಂಟು. ಕನ್ನಡದಲ್ಲಿಯೂ ‘ನೆಮ್ಮದಿಯಾಗಿ ಊಟ ಮಾಡಿ’ ಎನ್ನುವಾಗ ಅವಸರ ಬೇಡವೆಂಬ ಭಾವ ಸೇರಿಯೇ ಇರುತ್ತದೆ. ನಮ್ಮ ‘ನಿಧಾನ’ಕ್ಕೂ ಇಂಥದೇ ಎರಡು ಮುಖಗಳಿವೆ: ಸಾವಕಾಶವಾಗಿ ನಡೆಯುವುದೂ ನಿಧಾನ, ದುಡುಕದೆ ಯೋಚಿಸುವವನೂ ನಿಧಾನಸ್ಥ.

ಹೀಗಿರುವುದರಿಂದ ಮಕ್ಕಳ ಬರಹಕ್ಕೆ ಕೆಂಪು ಗೆರೆ ಎಳೆದು ಸುಮ್ಮನಾಗಬೇಡಿ. ಬಸ್ಸು ‘ನಿಧಾನವಾಗಿ’ ಅಥವಾ ‘ಮೆಲ್ಲಗೆ’ ಹೋಯಿತು, ಅದರಲ್ಲಿ ಕುಳಿತವರು ‘ನೆಮ್ಮದಿಯಾಗಿ’ ಊರು ಸೇರಿದರು ಎಂದು ಎರಡು ವಾಕ್ಯಗಳನ್ನು ಹಲಗೆಯ ಮೇಲೆ ಬರೆದು, ಅವರ ಮನೆಯ ‘ನೆಮ್ಮದಿಗಾ’ವನ್ನೂ ಪಕ್ಕದಲ್ಲಿಟ್ಟು ತೋರಿಸಿ.